ಮಾಗಡಿ ಕೆರೆಯ ಹೆಬ್ಬಾತುಗಳನ್ನು ಎಬ್ಬಿಸಬೇಡಿ, ಎಣಿಸಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ಹಕ್ಕಿಗಳ ಚಿತ್ರ ಪತ್ರಿಕೆಗಳಲ್ಲಿ ಬರುತ್ತದೆ. ಅದನ್ನು ಕಂಡು ಜನ ಬರುವುದು ಸಂತೋಷವೇ. ಆದರೆ ಇಡೀ ಹಿಂಡು ಒಮ್ಮೆಗೇ ಮೇಲೇಳುವ ಫೋಟೊಗಾಗಿ ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು, ಡ್ರೋನ್ ಹಾರಿಸುವುದು ನಿಲ್ಲಲೇಬೇಕು.

ಪಟ್ಟೆತಲೆ ಹೆಬ್ಬಾತು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಸರೋವರಗಳಲ್ಲಿ. ಹಿಮಾಲಯ ದಾಟಿ ಇಲ್ಲಿಗೆ ಬಂದ ಮೇಲೆ ರಾತ್ರಿ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಹುಲ್ಲು, ಉದುರಿದ ಕಾಳು ಮೇಯುತ್ತದೆ. ಹಗಲಿಗೆ ಕೆರೆಯಲ್ಲಿ ವಿಶ್ರಾಂತಿ. ಮರುಪ್ರಯಾಣಕ್ಕೆ ಬೇಕಾದ ಕೊಬ್ಬು ಮೈಗೂಡುವುದು ಹೀಗೆ. ಎರಡು ಮೂರು ಕಿಲೊ ತೂಗುವ ಹಕ್ಕಿಗೆ ನೆಲದಿಂದ ಏಳುವುದೇ ದುಬಾರಿ ಕೆಲಸ. ದಿನಕ್ಕೆ ನಾಲ್ಕಾರು ಸಲ ಎಬ್ಬಿಸಿದರೆ ರಾತ್ರಿ ತಿಂದದ್ದು ಹಗಲೇ ಕರಗುತ್ತದೆ.

ಎಷ್ಟು ದೂರ ನಿಲ್ಲಬೇಕೆಂದು ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ, ಕೊಕ್ಕು ಬೆನ್ನಿಗೆ ತೂರಿಸಿ ಮಲಗಿದ್ದ ಹಕ್ಕಿಗಳು ಕುತ್ತಿಗೆಯನ್ನು ನೆಟ್ಟಗೆ ಎತ್ತಿ ಒಂದೇ ಕಡೆ ನೋಡತೊಡಗಿದರೆ ನೀವು ಹತ್ತಿರವಾದಿರಿ ಎಂದರ್ಥ. ನೀರಿನತ್ತ ಹೆಜ್ಜೆ ಹಾಕಿದರಂತೂ ತಡವಾಯಿತು. ಕೂಡಲೇ ಹಿಂದೆ ಸರಿಯಿರಿ. ಬೆಳಿಗ್ಗೆ ಬಿಸಿಲು ಬೆನ್ನಿಗೆ ಬೀಳುವ ಕಡೆ ಕೂತರೆ ಎಂಟು ಪಟ್ಟು ಹಿಗ್ಗಿಸಿ ತೋರುವ 8x42 ಬೈನಾಕ್ಯುಲರ್ ಸಾಕು.

ಎಣಿಸುವಾಗ ಮೊದಲು 50 ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಗುಂಪು ಕಣ್ಣಿಗೆ ಎಷ್ಟಗಲ ಕಾಣುತ್ತದೆಂದು ಗುರುತು ಮಾಡಿಕೊಳ್ಳಿ. ಉಳಿದ ಹಿಂಡಿನಲ್ಲಿ ಅಂಥ ಗುಂಪುಗಳು ಎಷ್ಟಿವೆ ನೋಡಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಹೋಲಿಸಬೇಕು. ಒತ್ತಾಗಿ ಕೂತ ಹಿಂಡನ್ನು ಎಲ್ಲರೂ ಕಡಿಮೆ ಎಣಿಸುತ್ತಾರೆ, ಅಲ್ಲೇ ಹೆಚ್ಚಿನ ತಪ್ಪು ಆಗುವುದು. ಹಿಂಡಿನಲ್ಲಿ ಆ ವರ್ಷದ ಮರಿಗಳೆಷ್ಟು ಎಂಬುದೂ ಮುಖ್ಯ. ದೊಡ್ಡ ಹಕ್ಕಿಯ ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆಗಳಿರುತ್ತವೆ. ಮರಿಗೆ ಆ ಪಟ್ಟೆಗಳಿಲ್ಲ, ನೆತ್ತಿಯಿಂದ ಕತ್ತಿನ ಹಿಂಭಾಗದವರೆಗೆ ಮಾಸಲು ಕಂದು ಬಣ್ಣ. ದೂರದ ನಾಡಿನಲ್ಲಿ ಆ ಬೇಸಿಗೆ ಹೇಗಿತ್ತೆಂಬುದರ ಅಂದಾಜು ಇದರಿಂದಲೇ ಸಿಗುತ್ತದೆ.

ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯಲು ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಅಂಥದ್ದು ಕಂಡರೆ ಪಟ್ಟಿಯ ಬಣ್ಣ, ಅಕ್ಷರ, ಅಂಕಿಗಳನ್ನು ದೂರದಿಂದಲೇ ಫೋಟೊ ತೆಗೆದು, ಸ್ಥಳ ಮತ್ತು ದಿನಾಂಕದೊಂದಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಸತ್ತ ಅಥವಾ ತೂಕಡಿಸುವ ಹಕ್ಕಿಯನ್ನು ಮಾತ್ರ ಮುಟ್ಟಬೇಡಿ. ಹಕ್ಕಿಜ್ವರವೂ ಇರಬಹುದು, ವಿಷ ಲೇಪಿಸಿದ ಬಿತ್ತನೆ ಬೀಜವೂ ಕಾರಣವಿರಬಹುದು. ಅರಣ್ಯ ಹಾಗೂ ಪಶುಸಂಗೋಪನಾ ಇಲಾಖೆಗೆ ಫೋನ್ ಮಾಡಿ.

ಸಂಖ್ಯೆ ಇಳಿದ ವರ್ಷ "ಹಕ್ಕಿಗಳು ಕೈಕೊಟ್ಟವು" ಎಂದು ಬರೆಯುವುದು ಆತುರ. ಕೆರೆ ತುಂಬಿ ತುಳುಕಿದರೆ ಅಂಚಿನ ತೆಳುನೀರು ಮುಳುಗುತ್ತದೆ. ಸೂಜಿಬಾಲದ ಬಾತಿನಂಥವು ತಲೆ ಮುಳುಗಿಸಿದರೂ ತಳ ಎಟುಕುವುದಿಲ್ಲ, ಅವು ಬೇರೆ ಕೆರೆಗಳಿಗೆ ಹಂಚಿಹೋಗುತ್ತವೆ. ಸುತ್ತಲಿನ ಕೆರೆಗಳನ್ನೂ ಒಂದೇ ದಿನ ಎಣಿಸಿದಾಗಲೇ ನಿಜ ತಿಳಿಯುವುದು. ಜನವರಿಯಲ್ಲಿ ನಡೆಯುವ ಏಷ್ಯಾ ಜಲಪಕ್ಷಿ ಗಣತಿಗೆ ಇಲ್ಲಿನ ಶಾಲೆ, ಕಾಲೇಜುಗಳೂ ಕೈಜೋಡಿಸಲಿ.

ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ. ವಾಹನಗಳು ಏರಿಯಿಂದ ದೂರವೇ ನಿಲ್ಲುವಂತೆ ಮಾಡಿ, ಮರೆಯಲ್ಲಿ ಕೂತು ನೋಡಲು ತಡಿಕೆ ಕಟ್ಟಿಸಲು ಹೆಚ್ಚು ಹಣ ಬೇಕಿಲ್ಲ. ತಮ್ಮ ಪತ್ರಿಕೆಯೂ ಚಿತ್ರದ ಜೊತೆಗೆ ಎಣಿಕೆಯ ದಿನಾಂಕ, ಹಕ್ಕಿಗಳ ಸಂಖ್ಯೆ ಮತ್ತು ಕೆರೆಯ ನೀರಿನ ಮಟ್ಟವನ್ನು ಪ್ರತಿ ವರ್ಷ ಅಚ್ಚು ಮಾಡಲಿ ಎಂದು ಕೋರುತ್ತೇವೆ.

– ಪಕ್ಷಿ ವೀಕ್ಷಕರು, ಗದಗ