ಕೊನೆಯ ಗಾಡಿಯ ನೆನಪಿಗೆ ಜೊತೆಯಾದವರಿಗೆ

ಕಳೆದ ಶನಿವಾರ ಮತ್ತು ಭಾನುವಾರ ಮಂಗಳೂರಿನ ಕೊಡಿಯಾಲಬೈಲಿನಲ್ಲಿ ನಡೆದ ನಮ್ಮ ಚಿತ್ರಪ್ರದರ್ಶನ ಮುಗಿದು, ಗೋಡೆಯ ಮೊಳೆಗಳನ್ನು ಕಿತ್ತು, ಬಾಡಿಗೆಯ ಕುರ್ಚಿಗಳನ್ನು ಹಿಂದಿರುಗಿಸಿ ಮನೆಗೆ ಬಂದ ಮೇಲೆ ಈ ಬರಹಕ್ಕೆ ಕುಳಿತಿದ್ದೇನೆ. ಒಂದು ಮೀಟರ್ ಅಗಲದ ಹಳಿಯ, ಅಂದರೆ ಮೀಟರ್ ಗೇಜಿನ, ಹಾಸನ–ಮಂಗಳೂರು ರೈಲು ಮಾರ್ಗದ ಕೊನೆಯ ದಿನವನ್ನು ಕಂಡವರ ನೆನಪು, ಚಿತ್ರ, ಟಿಕೇಟು, ಕ್ಯಾಸೆಟ್ಟುಗಳನ್ನು ಒಂದೆಡೆ ಸೇರಿಸುವ ಕೆಲಸ ಎರಡೂವರೆ ವರ್ಷ ಹೇಗೆ ಸಾಗಿತು, ಎಲ್ಲೆಲ್ಲಿ ನಿಂತಿತು, ಯಾರು ಯಾರ ಮೇಲೆ ಸಿಟ್ಟಾದರು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಈ ಬೇಸಿಗೆಯ ಎರಡು ತಿಂಗಳು ನಮ್ಮ ಮನೆ ಹೇಗಿತ್ತು ಎಂಬುದೂ ಗೊತ್ತಿದೆ. ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಕೃತಜ್ಞತೆ ಹೇಳುವುದಷ್ಟೇ ಉದ್ದೇಶ. ಅದನ್ನು ಎಲ್ಲರಿಗೂ ಸಮನಾಗಿ ಹಂಚುವುದು ನನ್ನಿಂದಾಗದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪ್ರದರ್ಶನಕ್ಕೆ ಬಂದ ಕಾಲೇಜು ಹುಡುಗರಲ್ಲಿ ಹಲವರು, ಈಗಲೂ ರೈಲು ಓಡುತ್ತಿರುವ ಮಾರ್ಗವನ್ನು ಮುಚ್ಚಿದ ಮಾರ್ಗವೆಂದು ಏಕೆ ಕರೆಯುತ್ತೀರಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳನ್ನು ಕೊರೆದು, 109 ಸೇತುವೆಗಳನ್ನು ಕಟ್ಟಿ, 50 ಅಡಿ ಸಾಗಿದರೆ 1 ಅಡಿ ಏರುವ ಇಳಿಜಾರಿನಲ್ಲಿ ಹಾಸಿದ ಆ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೋಜನೆ 1992ರಲ್ಲಿ ಆರಂಭವಾದ ಮೇಲೆ ನಮ್ಮ ಘಾಟಿಯ ಸರದಿಯೂ ಬಂದು, 1996ರಲ್ಲಿ ಗಾಡಿಗಳು ನಿಂತವು. ಅಷ್ಟು ಕಷ್ಟದಿಂದ ಕಟ್ಟಿದ ಮೀಟರ್ ಗೇಜಿಗೆ ದಕ್ಕಿದ ಆಯುಷ್ಯ ಬರೀ 17 ವರ್ಷ. ಹೊಸದಾಗಿ ಹಾಸಿದ ಹೆಚ್ಚು ಅಗಲದ ಹಳಿಯಲ್ಲಿ, ಅಂದರೆ ಬ್ರಾಡ್ ಗೇಜಿನಲ್ಲಿ, ಗೂಡ್ಸ್ ಗಾಡಿ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ, 1998ರಲ್ಲಿ, ಕೊಂಕಣ ರೈಲ್ವೆ ಪೂರ್ಣಗೊಂಡು ಮಂಗಳೂರಿನಿಂದ ಉಡುಪಿ ದಾಟಿ ಮುಂಬೈವರೆಗೆ ಹೋಗುವ ದಾರಿ ತೆರೆಯಿತು. ಬೆಂಗಳೂರಿಗೆ ಹೋಗಬೇಕಾದವರಿಗೆ ಮಾತ್ರ ಶಿರಾಡಿಯ ರಾತ್ರಿ ಬಸ್ಸೇ ಗತಿಯಾಗಿತ್ತು. ಈಗ ಓಡುವ ಗಾಡಿ ಅದೇ ಬೆಟ್ಟದ ಅದೇ ದಾರಿಯಲ್ಲೇ ಹೋಗುತ್ತದೆ, ನಿಜ. ಆದರೆ ಮೀಟರ್ ಅಗಲದ ಆ ಜೋಡಿ ಹಳಿ, ಅದರ ಮೇಲೆ ತೂಗುತ್ತಾ ಹೋಗುತ್ತಿದ್ದ ಸಣ್ಣ ಬೋಗಿಗಳು, ಕಿಟಕಿಯಿಂದ ಕೈಚಾಚಿದರೆ ಸಿಕ್ಕೀತೆನ್ನಿಸುತ್ತಿದ್ದ ಜರಿಗಿಡಗಳು ಮರಳಿ ಬರಲಿಲ್ಲ.

ಚಿತ್ರಗಳನ್ನು ಸ್ಕ್ಯಾನ್ ಮಾಡಿಕೊಟ್ಟ ಸ್ಟುಡಿಯೋ ಗೆಳೆಯರು, ಕ್ಯಾಸೆಟ್ಟಿನ ಮಾತುಗಳನ್ನು ಕೇಳಿ ಕೇಳಿ ಬರಹಕ್ಕಿಳಿಸಿದ ಮೂವರು ವಿದ್ಯಾರ್ಥಿನಿಯರು, ಬಾಡಿಗೆಯಲ್ಲಿ ಅರ್ಧ ಬಿಟ್ಟ ಸಭಾಂಗಣದವರು, ಎರಡೂ ದಿನ ಗೋಳಿಬಜೆ ಆರದಂತೆ ನೋಡಿಕೊಂಡ ಅಡುಗೆಯವರು, ಮುಂದಿನ ಸ್ಟೇಷನ್ನಿಗೆ ಹೋಗಲು ಅನುಮತಿಯೆಂದು ಡ್ರೈವರರ ಕೈಗೆ ಕೊಡುತ್ತಿದ್ದ ಟೋಕನ್ನಿನ ಬೆತ್ತದ ಬಳೆಯನ್ನು ಎರವಲು ಕೊಟ್ಟ ಸಕಲೇಶಪುರದ ನಿವೃತ್ತ ಸ್ಟೇಷನ್ ಮಾಸ್ಟರರು: ಇವರೆಲ್ಲರಿಗೂ ನಾನು ಋಣಿ. ಆ ಬಳೆಯ ಚರ್ಮದ ಚೀಲ ಬರಿದಾಗಿತ್ತು. ಒಳಗಿರಬೇಕಾದ ಉಕ್ಕಿನ ಗುಂಡು, ಅಂದರೆ ಟೋಕನ್ನು, ಇಲಾಖೆಯ ಸ್ವತ್ತಾದುದರಿಂದ ಅದನ್ನು ಕೊನೆಯ ದಿನವೇ ಒಪ್ಪಿಸಿದ್ದಾಗಿ ಅವರು ನೋಡಿದವರಿಗೆಲ್ಲ ಮರೆಯದೆ ಹೇಳಿದರು. ಇನ್ನು ನೆನಪು ಹಂಚಿಕೊಂಡ ಇಪ್ಪತ್ತೆಂಟು ಮಂದಿಗೆ ಕೃತಜ್ಞತೆಯ ಜೊತೆಗೆ ಒಂದು ವಿನಂತಿಯೂ ಇದೆ. ಕೊನೆಯ ಗಾಡಿಯ ಎಂಜಿನ್ನಿನ ಮುಖಕ್ಕೆ ಸೇವಂತಿಗೆಯ ಮಾಲೆ ಹಾಕಿದ್ದರು ಎಂದು ಹೇಳಿದವರು ಹನ್ನೊಂದು ಮಂದಿ, ಮಾಲೆಯೇ ಇರಲಿಲ್ಲ ಎಂದವರು ನಾಲ್ವರು. ಡ್ರೈವರರು ಪ್ರತಿ ಸುರಂಗದಲ್ಲೂ ಸೀಟಿ ಹಾಕಿದರೆಂದು ಕೆಲವರು, ಎಂದಿಗಿಂತ ಮೌನವಾಗಿಯೇ ಹೋದರೆಂದು ಕೆಲವರು. ನಾನು ಯಾರ ಮಾತನ್ನೂ ತಿದ್ದದೆ ಹಾಗೆಯೇ ಅಚ್ಚುಮಾಡಿ ಗೋಡೆಗೆ ಹಾಕಿದ್ದೇನೆ. ಅದಕ್ಕಾಗಿ ದಯವಿಟ್ಟು ಪರಸ್ಪರ ಜಗಳವಾಡಬೇಡಿ.

ಈಗ ನಾನು ಮುಖ್ಯವಾಗಿ ನೆನೆಯಬೇಕಾದವರ ಬಗ್ಗೆ. ಅವರು ಘಾಟಿಯಲ್ಲಿ ಹಳಿ ದುರಸ್ತಿಯ ಗ್ಯಾಂಗ್‌ಮನ್ ಆಗಿ ಸೇರಿ, ದಿನವೂ ಹಳಿಯುದ್ದಕ್ಕೂ ನಡೆದು ಪರೀಕ್ಷಿಸುವ ಕೀಮ್ಯಾನ್ ಆಗಿ, ಗ್ಯಾಂಗಿನ ಮೇಸ್ತ್ರಿಯಾಗಿ ನಿವೃತ್ತರಾದವರು. ಈಗ ನೆಟ್ಟಣದ ಹತ್ತಿರ ಮಗನ ಜೊತೆಗಿದ್ದಾರೆ. ಹೆಸರು ಹಾಕಬಾರದೆಂದು ಹೇಳಿರುವುದರಿಂದ ಇಲ್ಲಿಯೂ ಮೇಸ್ತ್ರಿಯವರೆಂದೇ ಬರೆಯುತ್ತೇನೆ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಮನೆಗೆ ನೀರು ನುಗ್ಗಿದ ಆ ರಾತ್ರಿ ಅವರು ಮಂಗಳೂರಿನಲ್ಲಿದ್ದುದೇ ಆಕಸ್ಮಿಕ. ಮರುದಿನದ ನಮ್ಮ ಸಭೆಗೆಂದು ಸಂಜೆಯ ಬಸ್ಸಿಗೆ ಬಂದು, ಪಡೀಲಿನ ಮಗಳ ಮನೆಗೆ ಹೋಗುವ ಮೊದಲು ಒಂದು ಗಳಿಗೆ ಮಾತನಾಡಿಕೊಂಡು ಹೋಗೋಣವೆಂದು ಪಾಂಡೇಶ್ವರದ ನಮ್ಮ ಮನೆಗೆ ಬಂದಿದ್ದರು. ಮಳೆ ಬಿಡಲಿಲ್ಲ. ಒಂಬತ್ತು ಗಂಟೆಯ ಹೊತ್ತಿಗೆ ಓಣಿಯ ನೀರು ಅಂಗಳಕ್ಕೂ, ಅಂಗಳದ ನೀರು ಕೆಳಗಿನ ಕೋಣೆಗೂ ಬಂತು. ನೀವೆಲ್ಲ ನಂಬಿ ಕೊಟ್ಟಿದ್ದ 143 ಚಿತ್ರಗಳು ಆ ಕೋಣೆಯಲ್ಲಿ, ನೆಲದ ಮೇಲಿನ ಟ್ರಂಕಿನಲ್ಲಿದ್ದವು. ನೆಲದ ಮೇಲೆ ಇಟ್ಟದ್ದು ನನ್ನದೇ ತಪ್ಪು. ಅದನ್ನು ಮಳೆಯ ಮೇಲೆ ಹಾಕುವುದಿಲ್ಲ.

ಟ್ರಂಕು ತೆರೆದಾಗ ಆಲ್ಬಮ್ಮುಗಳು ನೆನೆದ ಅವಲಕ್ಕಿಯಂತೆ ಉಬ್ಬಿದ್ದವು. ಚಿತ್ರಗಳು ಒಂದಕ್ಕೊಂದು ಅಂಟಿದ್ದವು. ನಾನು ಅವನ್ನು ಎಳೆದು ಬಿಡಿಸಲು ಹೊರಟವನು, ಮೊದಲನೆಯದರಲ್ಲೇ ಅರ್ಧ ಆಕಾಶ ಕಿತ್ತು ಬಂದಾಗ ನೆಲದ ಮೇಲೆ ಕುಳಿತುಬಿಟ್ಟೆ. ಮೇಸ್ತ್ರಿಯವರು ಪಂಚೆಯನ್ನು ಮೇಲಕ್ಕೆ ಕಟ್ಟಿ ನೀರಿಗಿಳಿದು, "ಪೋಡಿಯೊಡ್ಚಿ" ಎಂದರು. ಹೆದರಬೇಡಿ ಎಂಬ ಆ ಒಂದು ತುಳು ಮಾತಿನ ಮೇಲೆ ಇಡೀ ರಾತ್ರಿ ನಡೆಯಿತು. ಸ್ಟುಡಿಯೋ ಗೆಳೆಯರಿಗೆ ಫೋನು ಮಾಡಿದಾಗ ಅವರು ಯಾವ ಕಾರಣಕ್ಕೂ ಅಂಟಿದ ಚಿತ್ರಗಳನ್ನು ಹಾಗೆಯೇ ಒಣಗಲು ಬಿಡಬೇಡಿ, ಶುದ್ಧ ನೀರಿನಲ್ಲಿ ಮುಳುಗಿಸಿಡಿ, ಅವು ತಾವಾಗಿ ಸಡಿಲಾದ ಮೇಲೆ ಬಿಡಿಸಿ ನೆರಳಲ್ಲಿ ತೂಗುಹಾಕಿ ಎಂದರು. ಮನೆಯ ಬೋಗುಣಿ, ಕಡಾಯಿ, ಮಗುವಿನ ಸ್ನಾನದ ಟಬ್ಬು ಎಲ್ಲವನ್ನೂ ಮಹಡಿಗೆ ಒಯ್ದು ಬಾವಿಯ ನೀರು ತುಂಬಿಸಿದೆವು. ಮಹಡಿಯ ಒಂದು ಗೋಡೆಯಿಂದ ಇನ್ನೊಂದಕ್ಕೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆಯ ಕ್ಲಿಪ್ಪುಗಳಿಂದ ಒಂದೊಂದೇ ಚಿತ್ರವನ್ನು ಸಿಕ್ಕಿಸುತ್ತಾ ಹೋದೆವು. ಜೀವಮಾನವೆಲ್ಲ ಸುತ್ತಿಗೆ ಹಿಡಿದ ಆ ದಪ್ಪ ಬೆರಳುಗಳು ಚಿತ್ರದ ಮೂಲೆಯನ್ನು ಹಿಡಿದು ನೀರೊಳಗೆ ಮೆಲ್ಲನೆ ಅಲ್ಲಾಡಿಸುತ್ತಿದ್ದ ರೀತಿಯನ್ನು, ಹಲಸಿನ ತೊಳೆಯಿಂದ ಬೀಜ ಬಿಡಿಸುವಂತೆ ಎಂದು ಹೇಳಬಹುದೇನೋ.

ಆ ರಾತ್ರಿ ಇನ್ನೊಂದು ಕೆಲಸವೂ ಆಯಿತು. ಚಿತ್ರಗಳ ಹಿಂಬದಿಯ ಬರಹ ಬಹುಪಾಲು ಕರಗಿಹೋಗಿತ್ತು; ಯಾವ ಚಿತ್ರ ಎಲ್ಲಿಯದೆಂದು ತಿಳಿಯುವ ದಾರಿಯೇ ಉಳಿದಿರಲಿಲ್ಲ. ಮೇಸ್ತ್ರಿಯವರು ಒಂದೊಂದನ್ನೂ ನೀರಿನಿಂದೆತ್ತಿ, ಬೆಳಕಿಗೆ ಹಿಡಿದು, ಇದು ಎಡಕುಮೇರಿ ದಾಟಿದ ಮೇಲೆ ಗುಡ್ಡ ಕಡಿದ ಕಟಿಂಗು, ಇದು ಶಿರಿಬಾಗಿಲಿನ ಸ್ಟೇಷನ್ನಿನ ಕೊನೆ, ಇದು ದೋಣಿಗಲ್ಲಿನ ಹತ್ತಿರದ ಸೇತುವೆ ಎಂದು ಹೇಳುತ್ತಾ ಹೋದರು. ನನ್ನ ಹೆಂಡತಿ ಬರೆದುಕೊಂಡಳು. ಸುರಂಗದ ಬಾಯಿಯ ಮೇಲೆ ಬೆಟ್ಟದ ನೀರು ಹರಿಯಲು ತೋಡಿದ ಚರಂಡಿಯ ವಾರೆ, ಬಂಡೆಯ ಬಣ್ಣ, ತಿರುವಿನಲ್ಲಿ ಗಾಡಿ ವಾಲಿದ ಬದಿ, ಇಷ್ಟು ಸಾಕಿತ್ತು ಅವರಿಗೆ. ಸುಮಾರು ಎರಡು ಗಂಟೆಯ ಹೊತ್ತಿಗೆ, ನಾವು ಎರಡು ವರ್ಷದಿಂದ ಎಲ್ಲ ಆಹ್ವಾನಪತ್ರಿಕೆಗಳಲ್ಲೂ ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿದ್ದ ಚಿತ್ರ ಅವರ ಕೈಗೆ ಬಂತು. ಬಹಳ ಹೊತ್ತು ನೋಡಿ, "ಮಾರಾಯ್ರೆ, ಇದು ತಿರುಗುಮುರುಗು ಆಗಿದೆ. ಇಲ್ಲಿ ಗುಡ್ಡೆ ಈಚೆ ಉಂಟು, ಹೊಂಡ ಆಚೆ" ಎಂದರು. ನೆಗೆಟಿವನ್ನು ಮಗುಚಿ ಹಾಕಿ ಪ್ರಿಂಟು ತೆಗೆದಿದ್ದರೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ರೈಲಿನ ಹುಚ್ಚರೆಂದು ಕರೆಸಿಕೊಂಡ ನಮ್ಮೆಲ್ಲರ ತಿಳಿವಳಿಕೆಯ ಅಳತೆ ಆ ಒಂದು ಚಿತ್ರದಲ್ಲಿದೆ ಎಂದು ಈಗಲೂ ನಗು ಬರುತ್ತದೆ.

ಅದಾದ ಮೇಲಿನದನ್ನು ಬರೆಯುವುದು ಸ್ವಲ್ಪ ಕಷ್ಟ. ಕೊನೆಯ ಗಾಡಿಗೆ ನನ್ನನ್ನು ಕರೆದುಕೊಂಡು ಹೋದವರು ಅಪ್ಪ. ನನಗಾಗ ಹದಿನಾಲ್ಕು, ಶಾಲೆಗೆ ಜ್ವರವೆಂದು ಚೀಟಿ ಬರೆದುಕೊಟ್ಟವರೂ ಅವರೇ. ಸ್ಟೇಷನ್ನುಗಳ ಹೊತ್ತನ್ನು ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಬರೆಯುತ್ತಾ ಕಿಟಕಿಯ ಬಳಿ ಕುಳಿತ ಅವರ ಒಂದೇ ಒಂದು ಚಿತ್ರ ನಮ್ಮಲ್ಲಿತ್ತು. ಬೆಳಗಿನ ಜಾವ ಅದು ನೀರಿನಿಂದ ಮೇಲೆ ಬಂದಾಗ ಮುಖವಿದ್ದ ಭಾಗದ ಬಣ್ಣವೆಲ್ಲ ಜಾರಿ, ಪುಸ್ತಕ ಹಿಡಿದ ಕೈ, ಗಡಿಯಾರದ ಪಟ್ಟಿ, ಮಡಿಲಲ್ಲಿದ್ದ ಬುತ್ತಿ ಮಾತ್ರ ಉಳಿದಿತ್ತು. ಅವರು ಹೋಗಿ ಆಗ ಮೂರು ತಿಂಗಳೂ ಆಗಿರಲಿಲ್ಲ. ಉತ್ತರಕ್ರಿಯೆಯ ಬೊಜ್ಜದ ದಿನವೂ ಅಳದಿದ್ದ ನಾನು ಆ ಬೋಗುಣಿಯ ಮುಂದೆ ಅತ್ತೆ. ಈ ಪ್ರದರ್ಶನ, ಈ ಹಳಿ, ಈ ಹುಚ್ಚು ಯಾವುದೂ ಬೇಡವೆಂದು ಕೂಗಿದ್ದೂ ನೆನಪಿದೆ. ಮೇಸ್ತ್ರಿಯವರು ಸಮಾಧಾನದ ಮಾತು ಆಡಲಿಲ್ಲ. ಆ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡು ಕ್ಲಿಪ್ಪು ಹಾಕಿ, ಉಳಿದವುಗಳ ಸಾಲಿನಲ್ಲೇ ತೂಗುಹಾಕಿ, ಮುಂದಿನ ಚಿತ್ರಕ್ಕೆ ಕೈ ಹಾಕಿದರು.

ಐದು ಗಂಟೆಗೆ ನೀರಿಳಿಯಿತು. ಗಂಜಿ ಊಟಕ್ಕೆ ಕುಳಿತಾಗ ಅವರೇ ಮಾತು ತೆಗೆದು ಕೊನೆಯ ಗಾಡಿ ಹೋದ ಮರುದಿನದ ಕಥೆ ಹೇಳಿದರು. ನಾವು ಇಪ್ಪತ್ತೆಂಟು ಮಂದಿಯನ್ನು ಕೊನೆಯ ದಿನದ ಬಗ್ಗೆ ಕೇಳಿದ್ದೆವು. ಅದರ ಮರುದಿನದ ಬಗ್ಗೆ ಒಬ್ಬರನ್ನೂ ಕೇಳಿರಲಿಲ್ಲ. ಅವರು ಎಂದಿನಂತೆ ಬೆಳಗಾಗುವಾಗ ಎದ್ದು, ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟ, ಅಪಾಯಕ್ಕೆಂದು ಹಳಿಯ ಮೇಲಿಡುವ ಪಟಾಕಿಗಳನ್ನು ಚೀಲಕ್ಕೆ ಹಾಕಿಕೊಂಡು ತಮ್ಮ ಪಾಲಿನ ದಾರಿಯನ್ನು ನಡೆದರಂತೆ. ಸಡಿಲಾಗಿದ್ದ ಬೆಣೆಗಳನ್ನು ಹೊಡೆದು ಬಿಗಿ ಮಾಡಿದರಂತೆ. ಗಾಡಿಯೇ ಬಾರದ ಹಳಿಗೆ ಯಾಕೆ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಗಾಡಿ ಇಲ್ಲದಿದ್ದರೆ ಏನಾಯ್ತಕ್ಕಾ, ಹಳಿ ಉಂಟಲ್ಲ" ಎಂದು ಉಪ್ಪಿನಕಾಯಿಯ ಮಿಡಿಯನ್ನು ಚೀಪಿದರು. ಮಳೆಗಾಲದ ರಾತ್ರಿಗಳಲ್ಲಿ ಲಾಟೀನು ಹಿಡಿದು, ಕುಸಿತವಾಗಿದೆಯೋ ಎಂದು ನೋಡುತ್ತಾ ಗಸ್ತು ತಿರುಗಿ, ಪಾಲಿನ ಕೊನೆಯಲ್ಲಿ ಆಚೆಯಿಂದ ಬಂದವನಿಗೆ ಗಸ್ತಿನ ಪುಸ್ತಕ ಕೊಟ್ಟು ಅವನದನ್ನು ಪಡೆದು ಹಿಂದಿರುಗುತ್ತಿದ್ದ ವರ್ಷಗಳ ಮುಂದೆ ನಮ್ಮ ಮನೆಯ ಒಂದು ರಾತ್ರಿ ಅವರಿಗೆ ದೊಡ್ಡದೆನಿಸಿರಲಾರದು. ನನಗೆ ಅದು ದೊಡ್ಡದೇ.

ಪ್ರದರ್ಶನದಲ್ಲಿ ನೀವು ನೋಡಿದ 131 ಚಿತ್ರಗಳೂ ಅವುಗಳ ಕೆಳಗಿನ ಊರ ಹೆಸರುಗಳೂ ಆ ರಾತ್ರಿಯವು. ತಿರುಗುಮುರುಗಾಗಿದ್ದ ಚಿತ್ರವನ್ನು ಈ ಬಾರಿ ಸರಿಯಾಗಿ ಹಾಕಿದ್ದೆವು. ಅಪ್ಪನ ಕೈಯ ಚಿತ್ರವನ್ನು ಹಾಕಬೇಕೋ ಬೇಡವೋ ಎಂದು ಶುಕ್ರವಾರ ರಾತ್ರಿಯವರೆಗೂ ನಿರ್ಧರಿಸಿರಲಿಲ್ಲ. ಕೊನೆಗೆ ಹೆಸರಿಲ್ಲದೆ, ಬಾಗಿಲ ಬದಿಯಲ್ಲಿ ಹಾಕಿದೆ. ಅದರ ಮುಂದೆ ನಿಂತು ಏನೂ ಕೇಳದೆ ಹೋದ ಗೆಳೆಯರಿಗೆ ವಿಶೇಷವಾಗಿ ವಂದನೆ.

ಹಾಳಾದ 12 ಚಿತ್ರಗಳ ಮಾಲೀಕರಲ್ಲಿ ಪ್ರತಿಯೊಬ್ಬರ ಮನೆಗೂ ನಾನೇ ಬಂದು ಕ್ಷಮೆ ಕೇಳುತ್ತೇನೆ. ಉಳಿದವರು ತಮ್ಮ ಚಿತ್ರಗಳನ್ನು ಈ ತಿಂಗಳ ಕೊನೆಯೊಳಗೆ ಮನೆಯಿಂದ ಪಡೆದುಕೊಳ್ಳಬಹುದು. ಅವು ಈಗ ಮಹಡಿಯ ಕಪಾಟಿನ ಮೇಲಿನ ಹಂತದಲ್ಲಿವೆ. ಮೇಸ್ತ್ರಿಯವರಿಗೆ ನೆನಪಿಗೆಂದು ಯಾವ ಚಿತ್ರ ಬೇಕೆಂದು ಕೇಳಿದೆವು. ಕೊನೆಯ ಗಾಡಿ ಇರುವ ಯಾವುದನ್ನೂ ಅವರು ಆರಿಸಲಿಲ್ಲ. ಗಾಡಿ ದಾಟಿದ ಮೇಲೆ ಯಾರೋ ಕೈತಪ್ಪಿ ತೆಗೆದಂತಿರುವ, ಒಂದು ಮೂಲೆಯಲ್ಲಿ ಗ್ಯಾಂಗಿನ ಮನೆಯ ಮಾಡೂ ಅದರ ಮೇಲೆ ಹಬ್ಬಿದ ಕುಂಬಳದ ಬಳ್ಳಿಯೂ ಕಾಣುವ ಖಾಲಿ ಹಳಿಯ ಚಿತ್ರವನ್ನು ತೋರಿಸಿ, ಆ ಬಳ್ಳಿ ನಮ್ಮದು ಎಂದರು. ಅದಕ್ಕೆ ಕಟ್ಟು ಹಾಕಿಸಲು ಕೊಟ್ಟಿದ್ದೇನೆ. ಬರುವ ಭಾನುವಾರ ಬೆಳಗಿನ ಪ್ಯಾಸೆಂಜರಿನಲ್ಲಿ ನೆಟ್ಟಣಕ್ಕೆ ಒಯ್ಯುತ್ತೇನೆ. ಜೊತೆಗೆ ಬರುವವರು ಶುಕ್ರವಾರದೊಳಗೆ ತಿಳಿಸಿದರೆ, ಊಟಕ್ಕೆ ಎಷ್ಟು ಮಂದಿ ಎಂದು ಅವರ ಸೊಸೆಗೆ ಮೊದಲೇ ಹೇಳಲು ಅನುಕೂಲವಾಗುತ್ತದೆ.