ಒಡೆದ ಬ್ಯಾಟರಿಯ ವಿಷಯ

ಡೊಂಬಿವಲಿ

ಚಿ. ಅಳಿಯನಿಗೆ ಮಾವನ ಆಶೀರ್ವಾದಗಳು.

ಪುಣೆಯಿಂದ ನೀನು ಬರೆದ ಕಾಗದ ತಲುಪಿತು. ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ತಿಳಿಸಿರುತ್ತಾಳಾದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ಕ್ರೂ ಬಿಗಿಯುವ ಬ್ಯಾಟರಿ ಡ್ರೈವರಿನ ಶಕ್ತಿ ಕುಂದುತ್ತದೆ, ಏನು ಮಾಡಲಿ ಎಂದು ಕೇಳಿದ್ದೀಯೆ. ಆದರೆ ಅದರ ನಡುವೆ ಬೇರೆ ಯಾವುದೋ ಮಾತಿಗೆಂಬಂತೆ ಬರೆದ ಎರಡು ಸಾಲು ನನ್ನ ಮನಸ್ಸನ್ನು ಕದಡಿವೆ. ಏಣಿಯ ಮೇಲಿಂದ ಬಿದ್ದು ಬಿರುಕುಬಿಟ್ಟ ಅದರ ಬ್ಯಾಟರಿಗೆ ಟೇಪು ಸುತ್ತಿದ್ದೀಯೆ. ರಾತ್ರಿ ಅದನ್ನು ಬಾಗಿಲ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜಿಗೆ ಹಾಕಿ, ಹುಡುಗರೆಲ್ಲ ಅದೇ ಕೋಣೆಯಲ್ಲಿ ಮಲಗುತ್ತೀರಿ. ಬೆಳಗ್ಗೆ ತೆಗೆಯುವಾಗಲೂ ಅದು ಬೆಚ್ಚಗಿರುತ್ತದೆ. ನಾನು ಹೆದರಿರುವುದು ಆ ಬೆಚ್ಚಗೆ ಎಂಬ ಮಾತಿಗೆ.

ಒಳ್ಳೆಯ ಬ್ಯಾಟರಿ ಚಾರ್ಜಾಗುವಾಗ ಸ್ವಲ್ಪ ಬಿಸಿಯಾಗುವುದು ಸಹಜ, ತುಂಬಿದ ಮೇಲೆ ಅದು ತಣ್ಣಗಾಗಬೇಕು. ನಿನ್ನ 18 ವೋಲ್ಟಿನ ಬ್ಯಾಟರಿಯೊಳಗೆ 3.6 ವೋಲ್ಟಿನ ಐದು ಸೆಲ್‌ಗಳು ಒಂದರ ಹಿಂದೊಂದು ಜೋಡಣೆಯಾಗಿವೆ. ಪ್ರತಿ ಸೆಲ್ಲಿನಲ್ಲೂ ಎರಡು ಧ್ರುವಗಳನ್ನು ಬೇರ್ಪಡಿಸಿರುವುದು ಒಂದು ತೆಳುವಾದ ಪ್ಲಾಸ್ಟಿಕ್ ಪೊರೆ ಅಷ್ಟೇ. ಬಿದ್ದ ಪೆಟ್ಟಿಗೆ ಸೆಲ್ಲು ನೆಗ್ಗಿ ಆ ಪೊರೆಗೆ ಏಟು ಬಿದ್ದಿದ್ದರೆ, ವಿದ್ಯುತ್ತು ಒಳಗೊಳಗೇ ಹರಿದು ಕಾವು ಹುಟ್ಟುತ್ತದೆ. ಕಾವು ಒಂದು ಮಿತಿ ದಾಟಿತೆಂದರೆ ಅದು ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತ ಪಕ್ಕದ ಸೆಲ್ಲಿಗೂ ಹಬ್ಬುತ್ತದೆ. ಆಗ ಪ್ಲಗ್ ತೆಗೆದರೂ ನಿಲ್ಲುವುದಿಲ್ಲ. ಆರಿತೆಂದುಕೊಂಡದ್ದು ಮತ್ತೆ ಹೊತ್ತಿಕೊಳ್ಳಬಹುದು. ತುಂಬಿದೊಡನೆ ಚಾರ್ಜರ್ ತಾನಾಗಿಯೇ ನಿಲ್ಲಿಸುತ್ತದಲ್ಲ ಎಂದು ನೀನು ಹೇಳಬಹುದು. ನಿಜ, ಆದರೆ ಹೊರಗಿನಿಂದ ಬರುವ ಕರೆಂಟನ್ನು ನಿಲ್ಲಿಸುವುದಷ್ಟೇ ಅದರಿಂದ ಸಾಧ್ಯ. ಸೆಲ್ಲಿನೊಳಗೆ ಆಗಿರುವ ಗಾಯವನ್ನು ಅದು ಮುಚ್ಚಲಾರದು, ನೀನು ಸುತ್ತಿದ ಟೇಪೂ ಮುಚ್ಚಲಾರದು.

ರಾತ್ರಿಯಿಡೀ ಚಾರ್ಜಿಗಿಡುವ ರೂಢಿ ನಿನಗೆ ಹಳೆಯ ಮಿಸ್ತ್ರಿಗಳಿಂದ ಬಂದಿರಬೇಕು. ನಿನ್ನದರಂಥ ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲೇ ಮಾರುಕಟ್ಟೆಗೆ ಬಂದಿತ್ತಾದರೂ, ಮುಂಬೈಯ ನಾಗದೇವಿ ಸ್ಟ್ರೀಟಿನಿಂದ ನಾವು ತಂದ ಮೊದಲ ಡ್ರೈವರುಗಳಲ್ಲಿ ಇದ್ದದ್ದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಅದರ ಜೊತೆಗೆ ಕೊಡುತ್ತಿದ್ದ ಚಾರ್ಜರು ನಿಧಾನದ್ದು, ಆದ್ದರಿಂದ ರಾತ್ರಿ ಹಾಕಿ ಬೆಳಗ್ಗೆ ತೆಗೆಯುವುದೇ ಕ್ರಮವಾಗಿತ್ತು. ಪೂರ್ತಿ ಖಾಲಿಮಾಡಿಯೇ ಚಾರ್ಜು ಮಾಡಬೇಕೆಂಬ ಮಾತೂ ಆ ಕಾಲದ್ದು. ಲಿಥಿಯಂಗೆ ಅದು ಹಿತವಲ್ಲ. ವೇಗ ಕುಗ್ಗಿತೆಂದು ಕಂಡೊಡನೆ ತೆಗೆದು ಚಾರ್ಜಿಗೆ ಹಾಕು. ನಿನ್ನ 2 ಆಂಪಿಯರ್-ಅವರ್ ಬ್ಯಾಟರಿ ಸಾಧಾರಣ ಚಾರ್ಜರಿನಲ್ಲೂ ಒಂದೆರಡು ಗಂಟೆಯಲ್ಲಿ ತುಂಬುತ್ತದೆ. ಊಟದ ಹೊತ್ತಿನಲ್ಲಿ ನಿನ್ನ ಕಣ್ಣೆದುರಿಗೇ ಮುಗಿಯುವ ಕೆಲಸಕ್ಕೆ, ಎಲ್ಲರೂ ನಿದ್ದೆಹೋದ ಕೋಣೆ ಏಕೆ ಬೇಕು ಮಗಾ?

ನಾನು ಮುಂಬೈಗೆ ಬಂದ ಹೊಸತರಲ್ಲಿ ನಾವೂ ಗಾಳೆಯಲ್ಲಿಯೇ, ಅಂದರೆ ಕೆಲಸದ ಶೆಡ್ಡಿನಲ್ಲಿಯೇ, ಪ್ಲೈವುಡ್ಡಿನ ಅಟ್ಟಿಯ ಮೇಲೆ, ಮರದ ಹುಡಿಯ ವಾಸನೆಯಲ್ಲಿ ಮಲಗುತ್ತಿದ್ದೆವು. ಒಂದು ರಾತ್ರಿ ಪಕ್ಕದ ಗಾಳೆಗೆ ಬೆಂಕಿ ಬಿತ್ತು. ಯಾವುದರಿಂದ ಹತ್ತಿತೆಂದು ಯಾರಿಗೂ ತಿಳಿಯಲಿಲ್ಲ. ಬೆಂಕಿಗಿಂತ ಮೊದಲು ಹೊಗೆ ಬಂದಿತ್ತು, ಅದಕ್ಕೆ ನಮ್ಮಲ್ಲಿ ಒಬ್ಬರಿಗೂ ಎಚ್ಚರವಾಗಿರಲಿಲ್ಲ. ನೀರು ಕುಡಿಯಲೆಂದು ಎದ್ದಿದ್ದ ನನ್ನ ಜೊತೆಗಾರನೊಬ್ಬ ಎಲ್ಲರನ್ನೂ ಎಳೆದೆಬ್ಬಿಸಿ ಹಿಂದಿನ ಬಾಗಿಲಿನಿಂದ ಹೊರಗೆ ಹಾಕಿದ. ಮುಂದೆ ಅವನು ಕೆಲಸ ಬಿಟ್ಟು ಕಾರ್ಕಳದ ಕಡೆಗೆ ಹೋದ. ಒಮ್ಮೆ ಅವನ ಮನೆಗೆ ಹೋಗಿ ಕೂತು ಮಾತಾಡಿ ಬರಬೇಕೆಂದು ಆಸೆಪಟ್ಟಿದ್ದೆ. ಅವನು ತೀರಿಕೊಂಡ ಸುದ್ದಿಯೇ ಮೊದಲು ಬಂತು. ಆ ನೋವು ನನ್ನಲ್ಲಿ ಇನ್ನೂ ಇದೆ. ನಮ್ಮ ಗಾಳೆಗೆ ಹಿಂದೊಂದು ಬಾಗಿಲಿತ್ತು. ನಿಮ್ಮ ಕೋಣೆಗೆ ಒಂದೇ ಬಾಗಿಲು, ಅದರ ಪಕ್ಕದಲ್ಲೇ ಆ ಬ್ಯಾಟರಿ.

ನೀನು ಕೇಳಿದ್ದಕ್ಕೂ ಎರಡು ಮಾತು ಹೇಳಬೇಕು, ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರಿಸಬೇಡ. ಸ್ಕ್ರೂ ಬಿಗಿಯಲು ಗೇರು 1ರಲ್ಲಿರಲಿ, 2 ಇರುವುದು ತೂತು ಕೊರೆಯಲು. ಗಟ್ಟಿ ಮರಕ್ಕೆ ಮೊದಲು ಸಣ್ಣ ತೂತು ಹಾಕಿಕೊಂಡರೆ ಮೋಟಾರು ಎಳೆಯುವ ಕರೆಂಟು ಕಡಿಮೆಯಾಗಿ ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಮರದ ಚೂರುಗಳನ್ನು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿಗೆ, ಬಿಗಿತಕ್ಕೆ ಮಿತಿ ಹಾಕುವ ಕ್ಲಚ್ಚಿನ ಉಂಗುರವನ್ನು ಸಣ್ಣ ಅಂಕೆಯಿಂದ ಆರಂಭಿಸಿ, ಸ್ಕ್ರೂವಿನ ತಲೆ ಸರಿಯಾಗಿ ಕೂರುವಷ್ಟೇ ಏರಿಸು. ಅಲ್ಲಿ ಒಮ್ಮೆ ಕಿತ್ತ ಹಿಡಿತ ಮತ್ತೆ ಬರುವುದಿಲ್ಲ. ಸ್ಕ್ರೂ ತಿರುಗಿಸುವ ಬಿಟ್ಟಿನ ತುದಿ ಸವೆದಿದ್ದರೆ ಅದನ್ನು ಉಳಿತಾಯವೆಂದು ಇಟ್ಟುಕೊಳ್ಳಬೇಡ. ಕೆಲಸ ಮುಗಿದೊಡನೆ ಬಿಸಿ ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸದೆ, ನೆರಳಿನಲ್ಲಿ ಆರಲು ಬಿಡು. ಬಿಡಿ ಬ್ಯಾಟರಿಯನ್ನು ಸ್ಕ್ರೂಗಳಿರುವ ಚೀಲಕ್ಕೆ ಹಾಕಬೇಡ, ಅದರ ಎರಡು ಲೋಹದ ತುದಿಗಳಿಗೆ ಒಂದು ಸ್ಕ್ರೂ ಅಡ್ಡಬಿದ್ದರೂ ಸಾಕು, ಶಾರ್ಟ್ ಆಗುತ್ತದೆ. ಇಷ್ಟಾದರೂ ಮಧ್ಯಾಹ್ನಕ್ಕೇ ಶಕ್ತಿ ಕುಂದುವುದು ಆ ಬಿದ್ದ ಬ್ಯಾಟರಿಯಿಂದಲೇ ಇರಬಹುದು ಎಂದು ನನ್ನ ಅನುಮಾನ.

ಅದನ್ನು ಇಂದಿನಿಂದಲೇ ಚಾರ್ಜಿಗೆ ಹಾಕಬೇಡ, ಬಿಚ್ಚಿ ನೋಡಲೂ ಹೋಗಬೇಡ. ಕಂಪನಿಯವರಿಗೆ ಕೊಡುವವರೆಗೆ ಅದನ್ನು ಮಲಗುವ ಕೋಣೆಯಿಂದ ಹೊರಗೆ, ಮರ, ಬಟ್ಟೆ, ಥಿನ್ನರುಗಳಿಂದ ದೂರವಾಗಿ, ಮಳೆ ತಾಗದ ಸಿಮೆಂಟು ನೆಲದ ಮೇಲಿಡು. ತುದಿಗಳಿಗೆ ಮಾತ್ರ ಟೇಪು ಹಚ್ಚು. ಕಸದ ಡಬ್ಬಿಗೆ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ತಯಾರಕರ ಮೇಲಿದೆ, ಆದ್ದರಿಂದ ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮೊದಲು ವಿಚಾರಿಸು. ಹೊಸದು ಕೊಳ್ಳುವಾಗ ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ ಬೇಡ, ಶಾಖವನ್ನು ಅಳೆದು ಚಾರ್ಜರಿಗೆ ತಿಳಿಸುವ ಭಾಗವನ್ನೇ ಕೆಲವರು ಅದರಲ್ಲಿ ಬಿಟ್ಟಿರುತ್ತಾರೆ. ಅಸಲಿ ಬ್ಯಾಟರಿಯ ಬೆಲೆ ನಿನ್ನ ಈಗಿನ ಸಂಪಾದನೆಗೆ ಭಾರವೆಂದು ನನಗೆ ಗೊತ್ತು. ಹಣವನ್ನು ನಾಳೆ ನಿನ್ನ ಖಾತೆಗೆ ಹಾಕುತ್ತೇನೆ, ಅದು ಸಾಲವಲ್ಲ. ಒಡೆದದ್ದನ್ನು ಎಲ್ಲಿ ಕೊಟ್ಟೆ, ಚಾರ್ಜರನ್ನು ಈಗ ಎಲ್ಲಿಟ್ಟಿದ್ದೀಯೆ ಎಂಬುದನ್ನು ತಡಮಾಡದೆ ಬರೆ.

ಇಂತಿ ನಿನ್ನ ಮಾವ