ಬೇಟೆ ರೈಫಲ್‌ಗೆ ಸ್ಕೋಪ್: ಪಟ್ಟು ನೋಡಿ ಕೊಳ್ಳುವುದಲ್ಲ

ಮಾನ್ಯ ಸಂಪಾದಕರೆ,

ಅಮೆರಿಕದಲ್ಲಿರುವ ಕನ್ನಡಿಗರ ಹವ್ಯಾಸಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು, ಜಿಂಕೆ ಬೇಟೆಗೆ ಹೊರಡುವವರು ಆದಷ್ಟು ಹೆಚ್ಚು ಪಟ್ಟು ಹಿಗ್ಗಿಸಿ ತೋರಿಸುವ ಸ್ಕೋಪನ್ನೇ (ಗುರಿ ಹಿಡಿಯಲು ಬಳಸುವ ದೂರದರ್ಶಕ) ರೈಫಲ್‌ಗೆ ಹಾಕಿಸಿಕೊಳ್ಳಬೇಕೆಂದು ಸಲಹೆ ಕೊಟ್ಟಿದೆ. ಕೊಡಗಿನಲ್ಲಿ ಹುಟ್ಟಿ, ಹದಿನೆಂಟು ವರ್ಷಗಳಿಂದ ಪೆನ್ಸಿಲ್ವೇನಿಯಾದಲ್ಲಿದ್ದು, ಪ್ರತಿ ವರ್ಷ ಜಿಂಕೆ ಬೇಟೆಯ ಅವಧಿಯಲ್ಲಿ ಪರವಾನಗಿ ಪಡೆದು ಕಾಡಿಗೆ ಹೋಗುವ ನನಗೆ ಈ ಸಲಹೆ ತಪ್ಪೆಂದು ಖಚಿತವಾಗಿ ಅನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧವಾದ್ದರಿಂದ ನಾನು ಹೇಳುವುದೆಲ್ಲ ಇಲ್ಲಿಯ ಬೇಟೆಗಷ್ಟೇ ಸಂಬಂಧಿಸಿದ್ದು.

ಊರಿನಲ್ಲಿ ನಮ್ಮಪ್ಪನ ತೋಟಾ ಕೋವಿಗೆ ನಳಿಗೆಯ ತುದಿಯ ಹಿತ್ತಾಳೆ ಮಣಿ ಬಿಟ್ಟರೆ ಬೇರೆ ಗುರಿಸಾಧನವಿರಲಿಲ್ಲ. ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಅಷ್ಟು ಸಾಕಾಗುತ್ತಿತ್ತು. ಇಲ್ಲಿಗೆ ಬಂದು ಮೊದಲ ರೈಫಲ್ ಕೊಂಡಾಗ, ಲೇಖನದಲ್ಲಿರುವ ಸಲಹೆಯನ್ನೇ ಅಂಗಡಿಯವನೂ ಕೊಟ್ಟಿದ್ದ. ನಾನು 4ರಿಂದ 16 ಪಟ್ಟು ಹಿಗ್ಗಿಸುವ, ಒಂದು ಸೇರು ಅಕ್ಕಿಯಷ್ಟು ಭಾರದ ಸ್ಕೋಪನ್ನು ಹೊತ್ತುಕೊಂಡು ಕಾಡಿಗೆ ಹೋದೆ. ಬೆಳಕು ಹರಿಯುವ ಹೊತ್ತಿಗೆ ಹೆಮ್ಲಾಕ್ ಮರಗಳ ಸಂದಿಯಿಂದ ಬಿಳಿಬಾಲದ ಗಂಡು ಜಿಂಕೆಯೊಂದು ನಲವತ್ತು ಹೆಜ್ಜೆ ದೂರಕ್ಕೆ ಬಂದು ನಿಂತಿತು. ಹಿಂದಿನ ದಿನ ಗುರಿ ಅಭ್ಯಾಸ ಮಾಡುವಾಗ ತಿರುಗಿಸಿದ್ದ, ಪಟ್ಟು ಬದಲಿಸುವ ಉಂಗುರ ಇನ್ನೂ 16ರಲ್ಲೇ ಇತ್ತು. ಸ್ಕೋಪಿನೊಳಗೆ ಕಂಡದ್ದು ಬರೀ ಕಂದು ಕೂದಲು. ಅದು ಭುಜವೋ ತೊಡೆಯೋ ತಿಳಿಯಲಿಲ್ಲ. ತಿಳಿಯದ ಕಡೆಗೆ ಗುಂಡು ಹೊಡೆಯಬಾರದೆಂದು ಅಪ್ಪ ಕಲಿಸಿದ್ದರಿಂದ ಬೆರಳು ತೆಗೆದೆ. ಉಂಗುರ ತಿರುಗಿಸುವಷ್ಟರಲ್ಲಿ ಜಿಂಕೆ ಬಾಲವೆತ್ತಿ ಮರೆಯಾಗಿತ್ತು.

ಪಟ್ಟು ಹೆಚ್ಚಿದಷ್ಟೂ ನೋಟದ ಅಗಲ ಕುಗ್ಗುತ್ತದೆ. 3 ಪಟ್ಟಿಗೆ ಇಟ್ಟಾಗ ನೂರು ಗಜ ದೂರದಲ್ಲಿ ಸುಮಾರು ಮೂವತ್ತು ಅಡಿಗೂ ಮಿಕ್ಕಿ ಕಾಣುವ ಸ್ಕೋಪಿನಲ್ಲಿ 9 ಪಟ್ಟಿಗೆ ಬಂದರೆ ಹತ್ತು ಹನ್ನೆರಡು ಅಡಿಯಷ್ಟೇ ಉಳಿಯುತ್ತದೆ. ಅದಕ್ಕಿಂತಲೂ ಮುಖ್ಯವಾದದ್ದು ಬೆಳಕು. ಇಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಜಿಂಕೆ ಬೇಟೆಗೆ ಅವಕಾಶವಿದ್ದು, ಜಿಂಕೆಗಳು ಹೆಚ್ಚಾಗಿ ಓಡಾಡುವುದೂ ಆ ಎರಡು ಮಬ್ಬು ಹೊತ್ತುಗಳಲ್ಲೇ. ಸ್ಕೋಪಿನ ಮೇಲೆ 3-9×40 ಎಂದು ಬರೆದಿದ್ದರೆ, ಮುಂದಿನ ಮಸೂರದ ಅಳತೆಯಾದ 40 ಮಿ.ಮೀ.ಯನ್ನು ಪಟ್ಟಿನಿಂದ ಭಾಗಿಸಿದಾಗ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆ ಎಷ್ಟು ಅಗಲವೆಂದು ಸಿಗುತ್ತದೆ: 6 ಪಟ್ಟಿನಲ್ಲಿ ಅದು 6.7 ಮಿ.ಮೀ., 9ರಲ್ಲಿ 4.4. ಕತ್ತಲಲ್ಲಿ ಯುವಕರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ.ವರೆಗೆ ಹಿಗ್ಗುತ್ತದೆ, ನನ್ನ ವಯಸ್ಸಿನವರದು 5ರ ಆಸುಪಾಸು. ಬಿಲ್ಲೆ ಪಾಪೆಗಿಂತ ಕಿರಿದಾದರೆ ನೋಟ ಮಂಕಾಗುತ್ತದೆ. ನನ್ನ ಹಳೆಯ ಸ್ಕೋಪ್, ಅದರ ಮಸೂರ 50 ಮಿ.ಮೀ. ಇದ್ದರೂ, 16 ಪಟ್ಟಿನಲ್ಲಿ ಕೊಡುತ್ತಿದ್ದದ್ದು ಕೇವಲ 3.1 ಮಿ.ಮೀ. ಬೆಳಕು, ಆ ಬೆಳಿಗ್ಗೆ ಅದರೊಳಗೆ ಎಲ್ಲವೂ ಬೂದಿ ಕಲಸಿದಂತೆ ಕಂಡದ್ದು ಇದೇ ಕಾರಣಕ್ಕೆ. ಕೊಳವೆ ಒಂದು ಅಂಗುಲದ್ದೋ 30 ಮಿ.ಮೀ.ಯದ್ದೋ ಎಂಬ ಚರ್ಚೆಗೆ ಬೆಳಕಿನ ಮಟ್ಟಿಗೆ ಹೆಚ್ಚು ಅರ್ಥವಿಲ್ಲ. ದಪ್ಪ ಕೊಳವೆಯಿಂದ ಗುರಿಯನ್ನು ಮೇಲೆ ಕೆಳಗೆ ಸರಿಪಡಿಸುವ ಅವಕಾಶ ಹೆಚ್ಚುತ್ತದೆ, ಅಷ್ಟೆ.

ಲೇಖನದಲ್ಲಿ ಒಂದು ಮಾತೂ ಇಲ್ಲದ ಇನ್ನೊಂದು ವಿಷಯ, ಹಿಂಬದಿಯ ಮಸೂರಕ್ಕೂ ಕಣ್ಣಿಗೂ ನಡುವೆ ಇರಬೇಕಾದ ಅಂತರ. .30-06ರಂತಹ ದೊಡ್ಡ ತೋಟಾದ ರೈಫಲ್ ಭುಜವನ್ನು ಬಲವಾಗಿಯೇ ಒದೆಯುತ್ತದೆ. ಅಂತರ ಮೂರೂವರೆ ಅಂಗುಲಕ್ಕಿಂತ ಕಡಿಮೆಯಿದ್ದರೆ ಸ್ಕೋಪಿನ ಅಂಚು ಬಂದು ಹುಬ್ಬಿಗೆ ಬಡಿಯಬಹುದು. ನನ್ನ ಗೆಳೆಯನ ಬಲ ಹುಬ್ಬಿನ ಮೇಲೆ ಉಗುರಿನಲ್ಲಿ ಗೀರಿದಂತೆ ಅರ್ಧಚಂದ್ರಾಕಾರದ ಗಾಯದ ಗುರುತು ಇಂದಿಗೂ ಇದೆ. ಲೇಖನದ ಜೊತೆ ತಾವು ಅಚ್ಚು ಹಾಕಿದ, ರೈಫಲ್ ಹಿಡಿದ ಯುವಕನ ಚಿತ್ರದಲ್ಲಿ ಸ್ಕೋಪನ್ನು ಎಷ್ಟು ಹಿಂದಕ್ಕೆ ಕೂರಿಸಿದ್ದಾರೆಂದರೆ, ಆ ಯುವಕ ಅದೇ ಭಂಗಿಯಲ್ಲಿ ಗುಂಡು ಹೊಡೆದಿದ್ದರೆ ಅವನಿಗೂ ಆ ಗುರುತು ಬೀಳುವುದು ಖಂಡಿತ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಇಲ್ಲಿಯಂಥ ದಟ್ಟ ಕಾಡಿಗೆ 2-7 ಅಥವಾ 3-9 ಪಟ್ಟಿನದು ಧಾರಾಳವಾಯಿತು. ಒಳಗೆ ಸಾರಜನಕವನ್ನೋ ಆರ್ಗಾನನ್ನೋ ತುಂಬಿ ಮುಚ್ಚಿದ್ದರೆ, ಬೆಚ್ಚಗಿನ ಕಾರಿನಿಂದ ಹಿಮಕ್ಕೆ ಇಳಿದಾಗ ಒಳಗಿನ ಮಸೂರಕ್ಕೆ ಮಂಜು ಹಿಡಿಯುವುದಿಲ್ಲ. ಉಳಿದ ಹಣವನ್ನು ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಗಟ್ಟಿಯಾದ ಉಂಗುರಗಳಿಗೂ ತೋಟಾಗಳಿಗೂ ಇಟ್ಟುಕೊಳ್ಳಬೇಕು. ಎಷ್ಟೇ ಬೆಲೆಯ ಸ್ಕೋಪಾದರೂ ಗುರಿ ಕೂಡಿಸದಿದ್ದರೆ ಪ್ರಯೋಜನವಿಲ್ಲ. ಮೊದಲು 25 ಗಜದಲ್ಲಿ ಹೊಡೆದು ಕಾಗದದ ಮೇಲೆ ಗುಂಡು ಎಲ್ಲಿ ಬೀಳುತ್ತದೆಂದು ನೋಡಿ, ಆಮೇಲೆ 100 ಗಜಕ್ಕೆ ಹೋಗಬೇಕು. ಸಾಮಾನ್ಯ ಸ್ಕೋಪಿನಲ್ಲಿ ಗುರಿ ಸರಿಪಡಿಸಲು ತಿರುಗಿಸುವ ಗುಂಡಿ ಒಂದು ಸಲ 'ಟಕ್' ಎಂದರೆ 100 ಗಜದಲ್ಲಿ ಗುಂಡು ಕಾಲು ಅಂಗುಲ ಸರಿಯುತ್ತದೆ. ನನ್ನ .30-06ನ್ನು ನೂರು ಗಜದಲ್ಲಿ ಎರಡು ಅಂಗುಲ ಮೇಲಕ್ಕೆ ಬೀಳುವಂತೆ ಕೂಡಿಸಿರುವುದರಿಂದ 200 ಗಜದಲ್ಲಿ ಅದು ನೇರ ಗುರಿಗೆ ಬರುತ್ತದೆ. ಆದರೆ ಇಷ್ಟು ವರ್ಷಗಳಲ್ಲಿ ನಾನು 120 ಗಜಕ್ಕಿಂತ ದೂರಕ್ಕೆ ಹೊಡೆದದ್ದು ಒಂದೇ ಒಂದು ಸಲ.

ವೀಸಾ ಮೇಲೆ ಇಲ್ಲಿರುವ ತರುಣರು ಸ್ಕೋಪಿಗೆ ಹಣ ಹಾಕುವ ಮೊದಲು ತಿಳಿದಿರಬೇಕಾದ ಒಂದು ಸಂಗತಿಯನ್ನೂ ಲೇಖನ ಬಿಟ್ಟಿದೆ. ಎಚ್-1ಬಿಯಂತಹ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಇಲ್ಲಿಯ ಕೇಂದ್ರ ಕಾನೂನು ನಿಷೇಧಿಸುತ್ತದೆ. ಊರ್ಜಿತವಾದ ಬೇಟೆ ಪರವಾನಗಿ ಹೊಂದಿರುವವರಿಗೆ ಅದರಿಂದ ವಿನಾಯಿತಿಯಿದೆ.

ಕೊನೆಯದಾಗಿ, ಅದೇ ಚಿತ್ರದ ಅಡಿಬರಹದಲ್ಲಿ 'ಸ್ಕೋಪಿನಿಂದ ಕಣಿವೆಯನ್ನು ವೀಕ್ಷಿಸುತ್ತಿರುವುದು' ಎಂದಿದೆ. ವೀಕ್ಷಿಸಲು ಬೈನಾಕ್ಯುಲರ್ ಇದೆ. ಸ್ಕೋಪು ತಿರುಗಿದ ಕಡೆಗೆಲ್ಲ ನಳಿಗೆಯೂ ತಿರುಗುತ್ತದೆ, ಮತ್ತು ಆ ಕಣಿವೆಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಬೇರೆ ಬೇಟೆಗಾರರೂ ಇರುತ್ತಾರೆ. ಈ ಅಡಿಬರಹಕ್ಕಾದರೂ ಮುಂದಿನ ವಾರದ ಪುರವಣಿಯಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಕೊಡಗು ಮೂಲದ ಓದುಗ, ಪೆನ್ಸಿಲ್ವೇನಿಯಾ